ಆಟಿಯ ಗಂಜಿಗೆ ತುಪ್ಪ

ಹೋದ ಆಟಿಯಲ್ಲಿ ಸುಳ್ಯದ ಕಡೆ ಒಂದು ಸಭಾಭವನಕ್ಕೆ ಹೋಗಿದ್ದೆ. ಯಾವ ಸಭಾಭವನ, ಯಾವ ಸಂಘ ಎಂದು ಹೇಳುವುದಿಲ್ಲ. ಒಂದರ ಹೆಸರು ಹೇಳಿದರೆ ಉಳಿದವರೆಲ್ಲ 'ಅಬ್ಬ, ನಾವಲ್ಲ' ಎಂದು ನಿಟ್ಟುಸಿರು ಬಿಡುತ್ತಾರೆ. ಬಾಗಿಲಿಗೆ ತೆಂಗಿನ ಗರಿಯ ತೋರಣ. ಒಳಗೆ ನೇಗಿಲು, ನೊಗ, ಮುಡಿ, ಕಳಸೆ, ಗೊರಬೆ. ಗದ್ದೆಯನ್ನೆಲ್ಲ ಅಡಿಕೆ ತೋಟ ಮಾಡಿ ಮುಗಿಸಿದವರು ಗದ್ದೆಯ ಸಾಮಾನಿಗೆ ಕುಂಕುಮ ಹಚ್ಚಿ ಇಟ್ಟಿದ್ದರು. ಗೋಡೆಯ ಮೇಲೆ ಬ್ಯಾನರು: 'ಆಟಿಡೊಂಜಿ ದಿನ'.

ಉದ್ದ ಮೇಜಿನ ಮೇಲೆ ಸಾಲಾಗಿ ಅಡುಗೆ. ಪತ್ರೊಡೆ, ತಜಂಕಿನ ಪಲ್ಯ, ಕಣಿಲೆ ಗಸಿ, ತಿಮರೆ ಚಟ್ನಿ, ಉಪ್ಪಡ್ ಪಚ್ಚಿಲ್, ಸಾಂತಾಣಿ, ಮೆಂತೆ ಗಂಜಿ. ಸಿಹಿಗೆ ಹಲಸಿನ ಹಣ್ಣಿನ ಗಟ್ಟಿ, ಈಂದಿನ ಹುಡಿಯ ಮಣ್ಣಿ. ಮಣ್ಣಿಯ ಮೇಲೆ ಗೋಡಂಬಿ ಹುರಿದು ಉದುರಿಸಿದ್ದರು. ಕುಚ್ಚಲಕ್ಕಿ ಗಂಜಿಯ ಪಕ್ಕದಲ್ಲಿ ಒಂದು ಬೋಗುಣಿ ತುಪ್ಪ. ಭಾಷಣಕಾರರು ಮೈಕಿನ ಮುಂದೆ ನಿಂತು ಹೇಳಿದರು: "ನಮ್ಮ ಹಿರಿಯರು ಎಷ್ಟು ಸರಳವಾಗಿ, ಎಷ್ಟು ಆರೋಗ್ಯವಾಗಿ ಬಾಳಿದರು! ಹಿತ್ತಿಲಲ್ಲಿ ಸಿಕ್ಕಿದ್ದನ್ನು ಸುಲಭವಾಗಿ ಬೇಯಿಸಿ, ಇಡೀ ಕುಟುಂಬ ಒಟ್ಟಿಗೆ ಕೂತು ಉಣ್ಣುತ್ತಿತ್ತು." ಚಪ್ಪಾಳೆ ಬಿತ್ತು. ನನ್ನ ಪಕ್ಕದಲ್ಲಿದ್ದ ಮೇಷ್ಟ್ರೊಬ್ಬರೂ ಚಪ್ಪಾಳೆ ಹೊಡೆದರು. ಅವರು ನಮ್ಮವರೇ.

ಯಾರ ಹಿರಿಯರು ಸ್ವಾಮಿ? ಯಾರ ಹಿತ್ತಿಲು?

ಆಟಿ ಎಂದರೆ ಎಂತದು ಎಂದು ಮೊದಲು ಹೇಳಿಬಿಡುತ್ತೇನೆ, ಘಟ್ಟದ ಮೇಲಿನ ಗೆಳೆಯರಿಗೂ ಗೊತ್ತಾಗಲಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು. ನೇಜಿ ನೆಟ್ಟು ಮುಗಿದಿರುತ್ತದೆ, ಕೆಲಸ ಇಲ್ಲ. ಹೋದ ವರ್ಷದ ಅಕ್ಕಿ ಮುಗಿದಿರುತ್ತದೆ, ಹೊಸ ಬೆಳೆ ಇನ್ನೂ ಹಸಿರು. ಮೇಲೆ ಬಿಡದೆ ಸುರಿಯುವ ಮಳೆ. ಕಣಜ ಇದ್ದವನಿಗೆ ಇದು ಮನೆಯೊಳಗೆ ಕೂತು ಚೆನ್ನೆಮಣೆ ಆಡುವ ಕಾಲ. ಕಣಜ ಇಲ್ಲದವನಿಗೆ ಧಣಿಗಳ ಅಂಗಳದ ಅಂಚಿನಲ್ಲಿ ನಿಂತು ಭತ್ತ ಸಾಲ ಕೇಳುವ ಕಾಲ. ಆ ಸಾಲವೇ ಹಗ್ಗವಾಗಿ ಅಪ್ಪನನ್ನು, ಮಗನನ್ನು, ಮೊಮ್ಮಗನನ್ನು ಒಂದೇ ಮನೆಗೆ ಕಟ್ಟಿಹಾಕುತ್ತಿತ್ತು. ಮೂಲದಾಳು ಎಂಬ ಮುದ್ದಾದ ಹೆಸರು ಬೇರೆ. ಜೀತ ರದ್ದತಿಯ ಕಾನೂನು ಬಂದದ್ದು 1976ರಲ್ಲಿ. ಅದಕ್ಕೂ ಹಿಂದಿನ ಎಷ್ಟು ಆಟಿಗಳು ಹಾಗೆ ಕಳೆದವೋ ಯಾರೂ ಎಣಿಸಿಲ್ಲ.

ತುಳುವಿನಲ್ಲಿ ಹಸಿವಿಗೆ 'ಬಡವು' ಎನ್ನುತ್ತಾರೆ. ಹಸಿವಾಗುತ್ತದೆ ಎನ್ನಲು 'ಬಡವಾಪುಂಡು'. ಕನ್ನಡದ ಬಡವ, ತುಳುವಿನ ಬಡವು. ಭಾಷಾಶಾಸ್ತ್ರದವರು ಇದಕ್ಕೆ ಏನು ಹೇಳುತ್ತಾರೋ ಹೇಳಲಿ, ನನ್ನ ಅಜ್ಜಿಗೆ ಎರಡೂ ಒಂದೇ ಮಾತಾಗಿತ್ತು.

ಅಜ್ಜಿ ಮರ್ಕಂಜದವಳು. ಗುಡ್ಡ, ತೋಡು, ಅಡಿಕೆ ತೋಟ, ಮತ್ತೆ ಗುಡ್ಡ, ಇದು ಮರ್ಕಂಜ. ಈಂದಿನ ಹುಡಿ ಹೇಗೆ ಆಗುತ್ತದೆ ಎಂದು ಅವಳು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಸಭಾಭವನದ ಮೇಜಿನ ಮೇಲೆ ಮಣ್ಣಿ ಇತ್ತೇ ಹೊರತು ಅದರ ಹಿಂದಿನ ಕೆಲಸ ಇರಲಿಲ್ಲ. ಈಂದು ಎಂದರೆ ಬೈನೆ ಮರ. ಗುಡ್ಡೆಯಲ್ಲಿ ಬಲಿತ ಮರ ನೋಡಿ ಕಡಿಯಬೇಕು. ಮಳೆಯಲ್ಲಿ, ಜಿಗಣೆಯ ನಡುವೆ. ಕಾಂಡ ಸೀಳಿ ಒಳಗಿನ ತಿರುಳು ಕೆತ್ತಿ ತೆಗೆಯಬೇಕು. ಹೊತ್ತು ತಂದು ಒರಳಿಗೆ ಹಾಕಿ ಕುಟ್ಟಬೇಕು. ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ನಾರು ಬಿಸಾಡಿ, ನೀರು ತಿಳಿಯಾಗುವವರೆಗೆ ಬಿಡಬೇಕು. ಮೇಲಿನ ಕೆಂಪು ನೀರು ಚೆಲ್ಲಿ ಹೊಸ ನೀರು ಹಾಕಬೇಕು, ಮತ್ತೆ ಚೆಲ್ಲಬೇಕು, ಮತ್ತೆ. ಕೊನೆಗೆ ತಳದಲ್ಲಿ ಬಿಳಿ ಹಿಟ್ಟು ನಿಲ್ಲುತ್ತದೆ. ಬಿಸಿಲು ಇಲ್ಲ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬೇಕು. ಇಷ್ಟಾದ ಮೇಲೆ ಅದನ್ನು ನೀರಿನಲ್ಲಿ ಕಾಯಿಸಿ ಗಂಜಿ ಮಾಡಿ ಉಪ್ಪು ಹಾಕಿ ಕುಡಿಯುವುದು. ಬೆಲ್ಲವೂ ತೆಂಗಿನ ಹಾಲೂ ಹಾಕಿದರೆ ಅದು ಮಣ್ಣಿ. ಅಜ್ಜಿಯ ಮನೆಯಲ್ಲಿ ಅದು ಮಣ್ಣಿ ಆದದ್ದು ಕಡಿಮೆ. ಬೆಲ್ಲ ಎಲ್ಲಿತ್ತು?

ಇದು 'ಸುಲಭ ಅಡುಗೆ'. ವಾರಪತ್ರಿಕೆಯ ಮಹಿಳಾ ಪುಟದಲ್ಲಿ ನಾಲ್ಕು ಸಾಲಿನಲ್ಲಿ ಬರುತ್ತದೆ. 'ಈಂದಿನ ಹುಡಿ ಒಂದು ಕಪ್.' ಒಂದು ಕಪ್ ಎಂದು ಬರೆದ ಕೈಗೆ ಆ ಕಪ್ಪಿನೊಳಗೆ ಇಬ್ಬರು ಹೆಂಗಸರ ಎರಡು ದಿನ ಇದೆ ಎಂದು ಗೊತ್ತಿಲ್ಲ.

ಕಣಿಲೆಯನ್ನು ಕೊಚ್ಚಿ ನೀರಲ್ಲಿ ಹಾಕಿ, ದಿನ ದಿನ ನೀರು ಬದಲಿಸದೆ ತಿಂದರೆ ವಿಷ. ಕೆಸುವಿಗೆ ಹುಳಿ ಹಾಕದಿದ್ದರೆ ಗಂಟಲು ತುರಿಸುತ್ತದೆ. ಇದನ್ನು ಕಂಡುಹಿಡಿದವರು ಯಾರು? ಯಾವ ಋಷಿಯೂ ಅಲ್ಲ. ಹಸಿದು, ಸಿಕ್ಕಿದ್ದನ್ನು ತಿಂದು, ಗಂಟಲು ಊದಿಸಿಕೊಂಡು, ಹೊಟ್ಟೆನೋವಿನಲ್ಲಿ ಉರುಳಾಡಿ, ಕೆಲವರು ಸತ್ತು, ಉಳಿದವರು ಕಲಿತದ್ದು. 2021ರಲ್ಲಿ ಕೇಂದ್ರದ ಆಯುಷ್ ಸಚಿವಾಲಯ ಪಾರಂಪರಿಕ ಅಡುಗೆಗಳ ಪಟ್ಟಿಯಲ್ಲಿ ಪತ್ರೊಡೆಯನ್ನು ಸೇರಿಸಿತು. ನಮ್ಮ ಜಿಲ್ಲೆಯವರೆಲ್ಲ ಹೆಮ್ಮೆಪಟ್ಟರು. ಪರಂಪರೆ ಎಂಬ ಶಬ್ದಕ್ಕೆ ಒಂದು ಗುಣ ಉಂಟು: ಅದರೊಳಗೆ ಹೋದ ತಕ್ಷಣ ಕೆಲಸ ಮಾಡಿದವರ ಜಾತಿ ಮಾಯವಾಗುತ್ತದೆ, ಉಂಡವರ ಜಾತಿ ಮಾತ್ರ ಹೊಳೆಯುತ್ತದೆ.

ಈಗ ಹಿತ್ತಿಲಿನ ಮಾತು. ದಕ್ಷಿಣ ಕನ್ನಡದಲ್ಲಿ ಕುಮ್ಕಿ ಎಂಬುದೊಂದು ಉಂಟು. ವರ್ಗ ಜಮೀನಿನ ಸುತ್ತ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ, ತರಗೆಲೆ ತೆಗೆಯುವ ಸವಲತ್ತು ಆ ವರ್ಗದಾರನಿಗೆ. ಅಂದರೆ ಜಮೀನು ಇದ್ದವನಿಗೆ ಗುಡ್ಡೆಯೂ ಇದೆ. ಜಮೀನು ಇಲ್ಲದವನಿಗೆ ಗುಡ್ಡೆಯೂ ಇಲ್ಲ. ಅಜ್ಜಿ ಕಡಿದ ಈಂದು, ಮುರಿದ ಕಣಿಲೆ, ಕೊಯ್ದ ಮರಕೆಸು ಇವೆಲ್ಲ ಯಾರದೋ ಕುಮ್ಕಿಯದ್ದು. ಅವಳು ಕತ್ತಲೆಗೆ ಹೋಗಿ ಕತ್ತಲೆಗೆ ಬರುತ್ತಿದ್ದಳು. ಅವಳ ಭಾಷೆಯಲ್ಲಿ ಅದು ಅಡುಗೆಗೆ ಹೊಂದಿಸುವುದು, ಧಣಿಗಳ ಭಾಷೆಯಲ್ಲಿ ಕಳವು. ಇವತ್ತು ಅದೇ ಕಳವಿನ ಮಾಲಿಗೆ ಸಭಾಭವನದಲ್ಲಿ ದೀಪ ಬೆಳಗಿಸಿ ಉದ್ಘಾಟನೆ.

1974ರ ಭೂಸುಧಾರಣೆ ಬಂತಲ್ಲ ಎಂದು ಕೇಳುವವರಿದ್ದಾರೆ. ಬಂತು. ಉಳುವವನಿಗೆ ಭೂಮಿ ಬಂತು. ನಮ್ಮ ಜಿಲ್ಲೆಯಲ್ಲಿ ಸಾವಿರಾರು ಗೇಣಿದಾರರು ಒಡೆಯರಾದರು, ಅದು ದೊಡ್ಡ ಸಂಗತಿಯೇ, ಇಲ್ಲವೆನ್ನುವುದಿಲ್ಲ. ಆದರೆ ನಮ್ಮವರು ಗೇಣಿದಾರರಾಗಿರಲಿಲ್ಲ, ಗೇಣಿದಾರನ ಆಳಾಗಿದ್ದರು. ಗೇಣಿಚೀಟಿ ಇಲ್ಲದವನಿಗೆ ಡಿಕ್ಲರೇಷನ್ ಎಲ್ಲಿಯದು? ಉತ್ತವನಿಗೆ ಸಿಕ್ಕಿದ್ದು ಗುಡಿಸಲು ನಿಂತ ಸೆಂಟ್ಸ್ ಲೆಕ್ಕದ ಜಾಗ. ಅದರಲ್ಲಿ ಒಂದು ಬಸಳೆ ಚಪ್ಪರ ಹಾಕಿದರೆ ಬಟ್ಟೆ ಒಣಗಿಸಲು ಜಾಗ ಇಲ್ಲ.

ಇನ್ನೊಂದು ಹೆಸರು ನೆನಪಿಡಿ: ಡಿ.ಸಿ. ಮನ್ನಾ. ಡಿ.ಸಿ. ಎಂದರೆ ಜಿಲ್ಲಾಧಿಕಾರಿ ಅಲ್ಲ, ಡಿಪ್ರೆಸ್ಡ್ ಕ್ಲಾಸ್. ಈ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ದಲಿತರಿಗೆಂದೇ ಕಾದಿಟ್ಟ ಭೂಮಿ ಅದು. ಊರೂರಿನ ದಾಖಲೆಯಲ್ಲಿ ಇದೆ. ಹೋಗಿ ನೋಡಿದರೆ ಎಷ್ಟೋ ಕಡೆ ಅಲ್ಲಿ ಉಳ್ಳವರ ಅಡಿಕೆ ನಿಂತಿದೆ, ರಬ್ಬರ್ ನಿಂತಿದೆ. ಅಳತೆ ಮಾಡಿ, ಒತ್ತುವರಿ ಬಿಡಿಸಿ, ಹಂಚಿ ಎಂದು ದಲಿತ ಸಂಘಟನೆಗಳು ತಾಲೂಕು ಕಚೇರಿಯ ಮೆಟ್ಟಿಲಲ್ಲಿ ಕೂತು ಕೂತು ಒಂದು ತಲೆಮಾರು ಮುದುಕಾಯಿತು. ಸುಳ್ಯ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಶಾಸಕರು ನಮ್ಮವರು, ಭೂಮಿ ಅವರದು. ಅಡುಗೆಯ ಲೇಖನಕ್ಕೆ ಭೂಮಿಯ ಮಾತು ಯಾಕೆ ಎಂದು ಕೇಳಬೇಡಿ. ಎಲ್ಲ ಪಾಕಪುಸ್ತಕವೂ 'ತೆಗೆದುಕೊಳ್ಳಿ' ಎಂದೇ ಶುರುವಾಗುತ್ತದೆ. ಎಲ್ಲಿಂದ ತೆಗೆದುಕೊಳ್ಳಬೇಕು ಎಂಬುದನ್ನು ಒಂದೂ ಹೇಳುವುದಿಲ್ಲ.

ಗದ್ದೆ ಹೋದಾಗ ಭತ್ತ ಮಾತ್ರ ಹೋದದ್ದಲ್ಲ. ಗದ್ದೆಯ ಅಂಚಿನ ಡೆಂಜಿ ಹೋಯಿತು, ನರ್ತೆ ಹೋಯಿತು, ಮೊದಲ ನೆರೆಗೆ ಗದ್ದೆಗೆ ಹತ್ತುವ ಉಬೆರ್ ಮೀನು ಹೋಯಿತು. ದುಡ್ಡಿಲ್ಲದೆ ಸಿಗುತ್ತಿದ್ದ ಒಂದೇ ಒಂದು ಸಾರು ಅದಾಗಿತ್ತು. ಈಗ ಅರಂತೋಡು, ಸಂಪಾಜೆ, ಮರ್ಕಂಜದ ಕಡೆ ಅಡಿಕೆಗೂ ಹಳದಿ ರೋಗ. ತೋಟದವರು ಪರಿಹಾರ ಕೇಳುತ್ತಿದ್ದಾರೆ, ಕೇಳಲಿ, ಅವರ ಕಷ್ಟವೂ ಸುಳ್ಳಲ್ಲ. ಆದರೆ ಆ ಲೆಕ್ಕದಲ್ಲಿ ಸತ್ತ ಮರಗಳಿವೆ, ತಪ್ಪಿದ ಕೂಲಿ ಇಲ್ಲ. ತೋಟ ಹಳದಿಯಾದಾಗ ಮೊದಲು ಆರುವುದು ಯಾರ ಒಲೆ?

ಸಭಾಭವನದ ಮೇಜಿಗೆ ವಾಪಸ್ ಬರೋಣ. ಅಷ್ಟು ಬಗೆಯಲ್ಲಿ ನಾನು ಹುಡುಕಿದ್ದು ಒಂದನ್ನು: ನುಂಗೆಲ್ ಮೀನು. ಒಣಮೀನು ಸುಟ್ಟು, ಕಾಯಿ-ಮೆಣಸು ಸೇರಿಸಿ ಗುದ್ದಿದ ಚಟ್ನಿ. ಅದೊಂದು ಚಿಟಿಕೆ ಇದ್ದರೆ ಒಂದು ಚಟ್ಟಿ ಗಂಜಿ ಇಳಿಯುತ್ತದೆ. ಇರಲಿಲ್ಲ. ಡೆಂಜಿ ಸಾರು ಇರಲಿಲ್ಲ. ಆಟಿಯನ್ನು ತೊಳೆದು, ಒರೆಸಿ, ಶುದ್ಧ ಸಸ್ಯಾಹಾರಿ ಮಾಡಿ ಮಡಿ ಉಡಿಸಿ ಕೂರಿಸಿದ್ದರು. ನಮ್ಮ ಹಸಿವು ಬೇಕು, ಅದರ ವಾಸನೆ ಬೇಡ.

ದನದ ಮಾಂಸದ ಹೆಸರು ಎತ್ತಲೇಬೇಡಿ. 1964ರ ಕಾನೂನು ಸಾಲದೆಂದು 2020ರಲ್ಲಿ ಇನ್ನೊಂದನ್ನು ತಂದರು. ಸತ್ತ ದನ ಎಳೆಯಲು ನಾವು ಬೇಕಿತ್ತು, ತಿಂದದ್ದಕ್ಕೆ ಹೊಲೆಯರೆಂದರು. 1948ರಲ್ಲೇ ಬಾಬಾಸಾಹೇಬರು ಅಸ್ಪೃಶ್ಯತೆಯ ಬೇರನ್ನು ಈ ತಟ್ಟೆಯಲ್ಲೇ ಹುಡುಕಿ ಪುಸ್ತಕ ಬರೆದರು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾವೇ ಹೆಚ್ಚು ಎಂದಾಗ ಊರಿಗೆ ಊರೇ ಉರಿಯಿತು, ಮಂತ್ರಿಗಿರಿ ಹೋಯಿತು. ಬೂಸಾ ಎಂದರೆ ದನಕ್ಕೆ ಹಾಕುವ ತೌಡು-ಹೊಟ್ಟು. ಇವತ್ತು ಅವರಿದ್ದಿದ್ದರೆ ಈ ಅಡುಗೆ ಪುಟಗಳನ್ನು ಏನೆಂದು ಕರೆಯುತ್ತಿದ್ದರೋ! ನಾವು ಮಾತ್ರ ಆಟಿಯಲ್ಲಿ ತೌಡಿನ ರೊಟ್ಟಿಯನ್ನೇ ತಿಂದವರು.

ಊಟ ಬಡಿಸಿದ್ದು ಅಡಿಕೆ ಹಾಳೆಯ ತಟ್ಟೆಯಲ್ಲಿ. ಪಾಯಸದಂಥದ್ದೊಂದನ್ನು ಕೊಟ್ಟದ್ದು ಪಾಲಿಶ್ ಮಾಡಿದ ಗೆರಟೆಯಲ್ಲಿ. ಪರಿಸರಸ್ನೇಹಿ ಎಂದು ಘೋಷಿಸಿದರು. ನನ್ನ ಕೈ ನಡುಗಿತು. ಧಣಿಗಳ ಕೊಟ್ಟಿಗೆಯ ಹಿಂದೆ ನಮ್ಮವರಿಗೆ ಚಾ ಹೊಯ್ಯುತ್ತಿದ್ದದ್ದು ಗೆರಟೆಗೆ. ಲೋಟ ಮುಟ್ಟಬಾರದಲ್ಲ! ಗಂಜಿ ಹೊಯ್ಯುತ್ತಿದ್ದದ್ದು ನೆಲದ ಗುಂಡಿಗೆ ಒತ್ತಿದ ಹಾಳೆಗೆ. ಅದೇ ಹಾಳೆ ಇವತ್ತು ಪುತ್ತೂರು-ಸುಳ್ಯದ ಕಡೆಯಿಂದ ಯಂತ್ರದಲ್ಲಿ ಒತ್ತಿ ವಿದೇಶಕ್ಕೆ ಹೋಗುತ್ತದೆ. ಹೋಗಲಿ, ನಾಲ್ಕು ಜನರಿಗೆ ಕೆಲಸ ಆಗುತ್ತದೆ. ಆದರೆ ಅದರಲ್ಲಿ ಉಣ್ಣುವಾಗ 'ಎಷ್ಟು ಚಂದ' ಎನ್ನುವವರು ಒಮ್ಮೆಯಾದರೂ ಕೇಳಬೇಕು, ಮೊದಲು ಇದರಲ್ಲಿ ಉಂಡವರು ಯಾರು ಎಂದು.

ಎಂಜಲಿನ ವಿಷಯದಲ್ಲಿ ಈ ಜಿಲ್ಲೆಯ ಚರಿತ್ರೆ ಇಡೀ ದೇಶಕ್ಕೆ ಗೊತ್ತು. ಬ್ರಾಹ್ಮಣರು ಉಂಡ ಎಲೆಯ ಮೇಲೆ ಉರುಳುವ ಮಡೆಸ್ನಾನ ಕುಕ್ಕೆಯಲ್ಲಿ ನಡೆಯಿತು. 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಬೇಕಾಯಿತು. ಕೊರಗರ ಕತೆ ಅದಕ್ಕಿಂತ ಕ್ರೂರ. 2000ನೇ ಇಸವಿಯಲ್ಲಿ ಕರ್ನಾಟಕ ಸರಕಾರ ಅಜಲು ಪದ್ಧತಿ ನಿಷೇಧದ ಕಾನೂನು ಮಾಡಿತು. ಅದರಲ್ಲಿ ಅಜಲು ಎಂದರೇನು ಎಂದು ವಿವರಿಸುವಾಗ, ಅನ್ನದಲ್ಲಿ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಿಸುವುದು ಎಂದು ಬರೆಯಬೇಕಾಯಿತು. ಒಂದು ರಾಜ್ಯದ ಶಾಸನಸಭೆ ಕೂತು ಪಾಸು ಮಾಡಿದ ಅಡುಗೆ ವಿವರ ಅದು. ಕರಾವಳಿಯ ರುಚಿ ಎಂದು ಪುಸ್ತಕ ತರುವವರು ಇದನ್ನೂ ಒಂದು ಪುಟದಲ್ಲಿ ಸೇರಿಸಲಿ.

ಕಾರ್ಯಕ್ರಮಕ್ಕೆ ಆಟಿ ಕಳೆಂಜ ಬಂದಿದ್ದ. ನಲಿಕೆಯವರು ಕಟ್ಟುವ ವೇಷ. ಮನೆ ಮನೆಗೆ ಹೋಗಿ ಮಾರಿ ಕಳೆದು ಅಕ್ಕಿ, ಉಪ್ಪು, ಮೆಣಸು ಪಡೆದು ಹೋಗುವವನು. ಆಟಿಯಲ್ಲಿ ನಲಿಕೆಯವರ ಒಲೆ ಉರಿಸಿದ ವೇಷ ಅದು. ಸ್ಟೇಜಿನ ಮೇಲೆ ಕುಣಿಸಿ ಶಾಲು ಹೊದಿಸಿದರು, ಫೋಟೋ ತೆಗೆದರು. ಊಟದ ಹೊತ್ತಿಗೆ ಅವನನ್ನು ಹುಡುಕಿದೆ. ಬಣ್ಣ ತೊಳೆದುಕೊಂಡು ಹಿಂದಿನ ಜಗಲಿಯಲ್ಲಿ ಕೂತಿದ್ದ.

ಅಲ್ಲೇ ಇಬ್ಬರು ಹೆಂಗಸರು ಬುಟ್ಟಿ ಜೋಡಿಸುತ್ತಿದ್ದರು. ತಜಂಕು, ಕಣಿಲೆ, ಕೆಸು ಎಲ್ಲ ತಂದು, ಸೋಸಿ, ಕೊಚ್ಚಿ ಕೊಟ್ಟವರು ಅವರೇ.

"ಎಂತ ಅಕ್ಕ, ಒಳಗೆ ಹೋಗಿಲ್ವಾ?" ಎಂದೆ.

"ಒಳಗೆ ಎಂತಕ್ಕೆ ಮಾರಾಯ? ಅಡುಗೆ ಭಟ್ರದ್ದು. ನಮ್ಮದು ಸೊಪ್ಪು ಕೊಟ್ಟಾಯ್ತು, ದುಡ್ಡು ಸಿಕ್ಕಿತು."

"ನೀವು ಮಾಡಿದರೆ ಇದಕ್ಕಿಂತ ರುಚಿ ಆಗ್ತಿತ್ತಲ್ಲ?"

ಅವಳು ನಕ್ಕಳು. "ರುಚಿ ಆಗ್ತಿತ್ತು. ತಿನ್ನುವವರು ಯಾರು?"

ನನ್ನ ತಕರಾರು ಇಷ್ಟೇ. ಅದನ್ನು ಆಕೆ ಎರಡು ಮಾತಿನಲ್ಲಿ ಮುಗಿಸಿದಳು. ನಾನು ಇಷ್ಟುದ್ದ ಬರೆಯುತ್ತಿದ್ದೇನೆ.

ಇದು ಸಭಾಭವನದ ಮಾತಾದರೆ ಬಿಟ್ಟುಬಿಡಬಹುದಿತ್ತು, ಉಳ್ಳವರ ಆಟ ಎಂದು. ಆದರೆ ಶಾಲೆಯ ಅಡುಗೆಮನೆ ಎಲ್ಲರದ್ದು. ಸರಕಾರಿ ಶಾಲೆಯಲ್ಲಿ ಬಿಸಿಯೂಟ ಕೊಡಿ ಎಂದು ಸುಪ್ರೀಂ ಕೋರ್ಟು 2001ರಲ್ಲಿ ಆದೇಶ ಮಾಡಿತು. 2004ರ ಏಪ್ರಿಲಿನಲ್ಲಿ ಇನ್ನೊಂದು ಆದೇಶ: ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದ್ಯತೆ ಕೊಡಿ. ಮೇಷ್ಟ್ರುಗಳೇ, ಈ ಎರಡನೆಯ ಆದೇಶ ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 2014ರ ಹೊತ್ತಿಗೆ ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಅಡುಗೆಯವಳು ದಲಿತಳೆಂದು ಮಕ್ಕಳನ್ನು ಶಾಲೆಯಿಂದಲೇ ಬಿಡಿಸಿದರು. 2025ರಲ್ಲಿ ಚಾಮರಾಜನಗರ ಜಿಲ್ಲೆಯ ಹೊಮ್ಮದಿಂದಲೂ ಅಂಥದೇ ಸುದ್ದಿ ಬಂತು. ಮೊಟ್ಟೆ ಕೊಟ್ಟರೆ ಮಠದವರಿಗೆ ಸಂಕಟ, ದಲಿತ ಹೆಂಗಸು ಸೌಟು ಹಿಡಿದರೆ ಊರಿಗೆ ಸಂಕಟ. ಅವಳಿಗೆ ಕೊಡುವುದಕ್ಕೆ ಕೂಲಿ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಗೌರವ ಎಲ್ಲಿದೆ ಎಂದು ಹೊಮ್ಮದಲ್ಲಿ ಕೇಳಿ, ಧನ ಎಷ್ಟಿದೆ ಎಂದು ಅವಳನ್ನೇ ಕೇಳಿ.

ಇನ್ನು ನಮ್ಮ ಮನೆಯ ಕಡೆ ತಿರುಗುತ್ತೇನೆ, ಇಲ್ಲದಿದ್ದರೆ ಇದು ಅರ್ಧ ಸತ್ಯವಾಗುತ್ತದೆ. 'ಇಡೀ ಕುಟುಂಬ ಒಟ್ಟಿಗೆ ಕೂತು ಉಣ್ಣುತ್ತಿತ್ತು' ಎಂಬ ಮಾತು ನಮ್ಮಲ್ಲೂ ಸುಳ್ಳು. ಅಗಳು ಅಪ್ಪನಿಗೆ, ಆಮೇಲೆ ಮಕ್ಕಳಿಗೆ, ಅಜ್ಜಿಗೆ ತೆಳಿ. ತೆಳಿ ಆರೋಗ್ಯಕ್ಕೆ ಒಳ್ಳೆಯದು ಎಂದು ಅವಳೇ ಹೇಳುತ್ತಿದ್ದಳು, ನಾವು ನಂಬುತ್ತಿದ್ದೆವು. ಇವತ್ತಿಗೂ ಸಂಘಟನೆಯ ಸಭೆ ರಾತ್ರಿ ಮುಗಿಸಿ ಬಂದು ಅಂಬೇಡ್ಕರರ ಮಾತು ಹೇಳುತ್ತಾ ಬಟ್ಟಲ ಮುಂದೆ ಕೂರುವ ಗಂಡಸರು ನಮ್ಮಲ್ಲಿ ಎಷ್ಟು ಜನ! ಬಡಿಸುವವಳು ಉಂಡಳೋ ಇಲ್ಲವೋ ಕೇಳಿದವರು ಎಷ್ಟು?

1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ನಂತರ ಸಿಲೋನಿನಿಂದ ಬಂದ ತಮಿಳು ಕುಟುಂಬಗಳನ್ನು ಸುಳ್ಯ-ಪುತ್ತೂರಿನ ಸರಕಾರಿ ರಬ್ಬರ್ ತೋಟಗಳಿಗೆ ತಂದಿಳಿಸಿದರು. ಅಲ್ಲಿ ಟ್ಯಾಪಿಂಗ್ ಹೆಂಗಸು ಬೆಳಕು ಹರಿಯುವ ಮೊದಲೇ ಮರದ ಬುಡದಲ್ಲಿರಬೇಕು, ಬಿಸಿಲೇರಿದರೆ ಹಾಲು ಇಳಿಯುವುದಿಲ್ಲ. ಅದಕ್ಕೂ ಮೊದಲು ಎದ್ದು ಮನೆಯವರ ಹೊಟ್ಟೆಗೆ ಬೇಯಿಸಬೇಕು. ಅವಳಿಗೆ ಬೇಕಾದ ಸುಲಭ ಅಡುಗೆ ಯಾವುದು ಗೊತ್ತೇ? ಗಂಡ ಮಾಡಿದ್ದು.

ನಮ್ಮ ಕೇರಿಯಲ್ಲೇ ಕೊರಗರ ಮನೆಯ ನೀರು ಕುಡಿಯದವರಿದ್ದಾರೆ. ಸರಕಾರಿ ಕೆಲಸ ಸಿಕ್ಕಿ ಪೇಟೆಯಲ್ಲಿ ಮನೆ ಮಾಡಿ, ಒಣಮೀನು ಸುಡುವಾಗ ಕಿಟಕಿ ಮುಚ್ಚುವವರಿದ್ದಾರೆ. ಮೇಲಿನವರಿಂದ ಕಲಿತ ನಾಚಿಕೆ ಇದು. ಮನೆ ಗೃಹಪ್ರವೇಶಕ್ಕೆ ಭಟ್ಟರ ಅಡುಗೆ ಹಾಕಿಸಿ, 'ಎಲ್ಲರೂ ಬಂದು ಉಂಡರು' ಎಂದು ಹೆಮ್ಮೆಪಡುತ್ತಾರೆ. ನಿನ್ನ ಅಪ್ಪೆಯ ಕೈಯಡುಗೆ ಇದ್ದಿದ್ದರೆ ಎಷ್ಟು ಜನ ಬರುತ್ತಿದ್ದರು ಮಾರಾಯ?

ಗಂಜಿ ಬೇಡ ಎಂದು ನಾನು ಹೇಳುತ್ತಿಲ್ಲ. ಕುಚ್ಚಲಕ್ಕಿ ಗಂಜಿ ನಮ್ಮ ಮೈಯ ಅನ್ನ. ಪಡಿತರದಲ್ಲಿ ಬೆಳ್ತಿಗೆ ಬೇಡ, ಕುಚ್ಚಲಕ್ಕಿ ಕೊಡಿ ಎಂದು ಕರಾವಳಿಯವರು ವರ್ಷಗಟ್ಟಲೆ ಕೇಳಿದ್ದಾರೆ, 2013ರಲ್ಲಿ ಅನ್ನಭಾಗ್ಯ ಬಂದ ಮೇಲೂ ಕೇಳಿದ್ದಾರೆ. ಅನ್ನಭಾಗ್ಯ ಬಂದು ಆಟಿಯ ಹಲ್ಲು ಮುರಿಯಿತು ಎಂಬುದೂ ನಿಜ, ಅದನ್ನು ಗೇಲಿ ಮಾಡುವವರಿಗೆ ಹಸಿವು ಗೊತ್ತಿಲ್ಲ. ಪತ್ರೊಡೆ ತಿನ್ನಿ, ಮಣ್ಣಿ ತಿನ್ನಿ. ಆದರೆ ನಮ್ಮ ಬಡವನ್ನು ನಿಮ್ಮ ಹಬ್ಬ ಮಾಡುವಾಗ ಅದರ ಮೇಲೆ ತುಪ್ಪ ಸುರಿಯಬೇಡಿ.

ಬರುವ ಆಟಿಯಲ್ಲಿ ನಾವು ಕೆಲವರು ಮರ್ಕಂಜದ ಕಡೆ ಒಂದು ಕಾಲನಿಯಲ್ಲಿ ಅಡುಗೆ ಮಾಡುತ್ತೇವೆ. ಆ ಇಬ್ಬರು ಅಕ್ಕಂದಿರೇ ಒಲೆಯ ಯಜಮಾನಿಯರು, ಅವರಿಗೆ ಭಟ್ಟರಿಗೆ ಕೊಡುವಷ್ಟೇ ಕೂಲಿ. ಗಂಜಿ, ತಜಂಕು-ಹಲಸಿನ ಬೀಜದ ಪಲ್ಯ, ನುಂಗೆಲ್ ಚಟ್ನಿ, ಸಿಕ್ಕಿದರೆ ಡೆಂಜಿ, ಮಕ್ಕಳಿಗೆ ಬೆಲ್ಲ ಹಾಕಿದ ಈಂದಿನ ಮಣ್ಣಿ. ಕೊರಗರ ಮನೆಯವರು ಮೊದಲ ಪಂಕ್ತಿ. ಹಾಳೆ ಇಲ್ಲ, ಗೆರಟೆ ಇಲ್ಲ, ಸ್ಟೀಲಿನ ಬಟ್ಟಲು. ಒಂದು ಮೇಜು ಹಾಕಿ ಡಿ.ಸಿ. ಮನ್ನಾ ಭೂಮಿಗೆ ಅರ್ಜಿ ಬರೆಸುತ್ತೇವೆ. ನಿಮ್ಮ ಗ್ರಾಮದ ಸರ್ವೆ ನಂಬರ್ ಗೊತ್ತಿದ್ದರೆ ತನ್ನಿ. ಆ ಸಭಾಭವನದವರಿಗೂ ಕಾಗದ ಹಾಕುತ್ತೇವೆ. ಬರುವ ಗಂಡಸರು ಒಂದು ಹಳೆಯ ಪಂಚೆ ತೆಗೆದುಕೊಂಡು ಬನ್ನಿ, ಪಾತ್ರೆ ತೊಳೆಯುವ ಕೆಲಸ ನಿಮ್ಮದು.